ರಕ್ತದ ಹರಿವನ್ನು ಆಲಿಸುವ ಯಂತ್ರ

ನಿಲ್ದಾಣದಲ್ಲಿ ನಿಲ್ಲದೆ ರಭಸದಿಂದ ಸಾಗುವ ರೈಲುಗಾಡಿಯ ಸಿಳ್ಳನ್ನು ನಗರವಾಸಿಗಳಾದ ನಾವೆಲ್ಲರೂ ಕೇಳಿದ್ದೇವೆ. ಗಾಡಿಯು ನಮ್ಮ ಕಡೆಗೆ ಬರುವಾಗ ಆ ಧ್ವನಿಯ ಶ್ರುತಿಯು ಏರಿರುತ್ತದೆ. ನಮ್ಮನ್ನು ದಾಟಿ ಹೋದೊಡನೆ ತಟ್ಟನೆ ಇಳಿಯುತ್ತದೆ. ಈ ಸಾಮಾನ್ಯ ಅನುಭವದಲ್ಲಿ ಅಡಗಿರುವ ನಿಯಮವೇ ಇಂದು ರಕ್ತನಾಳಗಳ ರೋಗವನ್ನು ಪತ್ತೆಹಚ್ಚಲು ವೈದ್ಯರಿಗೆ ನೆರವಾಗುತ್ತಿದೆಯೆಂದರೆ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು.

೧೮೪೨ರಲ್ಲಿ ಪ್ರಾಗ್ ನಗರದಲ್ಲಿದ್ದ ಕ್ರಿಶ್ಚಿಯನ್ ಡಾಪ್ಲರನು ನಕ್ಷತ್ರಗಳ ಬೆಳಕನ್ನು ಕುರಿತು ವಿಚಾರಮಾಡುತ್ತ ಈ ನಿಯಮವನ್ನು ಮಂಡಿಸಿದನು. ೧೮೪೫ರಲ್ಲಿ ಹಾಲೆಂಡಿನ ಬಾಯ್ಸ್ ಬ್ಯಾಲಟನು ರೈಲುಗಾಡಿಯ ಮೇಲೆ ಕಹಳೆಯೂದುವವರನ್ನು ಕುಳ್ಳಿರಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನವುಳ್ಳ ಸಂಗೀತಗಾರರನ್ನು ನಿಲ್ಲಿಸಿ, ಅದು ಧ್ವನಿಗೂ ಸಲ್ಲುವುದೆಂದು ಕಂಡುಕೊಂಡನು. ಧ್ವನಿಯ ಮೂಲವು ಸಮೀಪಿಸುವಾಗ ಅಲೆಗಳು ಒತ್ತೊತ್ತಾಗಿಯೂ, ದೂರ ಸರಿಯುವಾಗ ವಿರಳವಾಗಿಯೂ ನಮ್ಮ ಕಿವಿಯನ್ನು ಮುಟ್ಟುತ್ತವೆ. ೧೯೫೦ರ ದಶಕದಲ್ಲಿ ಜಪಾನಿನ ಓಸಾಕಾದ ಶಿಗೆಓ ಸತೊಮುರಾ ಅವರು ಇದೇ ನಿಯಮವನ್ನು ಹೃದಯದ ಚಲನೆಯ ಪರೀಕ್ಷೆಗೆ ಬಳಸಿದರು.

ಸೆಕೆಂಡಿಗೆ ಸುಮಾರು ೨೦ರಿಂದ ೨೦,೦೦೦ ಕಂಪನಗಳುಳ್ಳ ಧ್ವನಿಯು ಮಾತ್ರ ನಮಗೆ ಕೇಳಿಸುತ್ತದೆ. ಈ ಪರೀಕ್ಷೆಯಲ್ಲಿ ಬಳಸುವುದಾದರೋ ಸೆಕೆಂಡಿಗೆ ೩೦ ಲಕ್ಷದಿಂದ ೧ ಕೋಟಿಯಷ್ಟು ಕಂಪನಗಳುಳ್ಳ ಶ್ರವಣಾತೀತ ಧ್ವನಿ. ಮೊದಲು ಚರ್ಮಕ್ಕೆ ಲೋಳೆಯಂತಹ ಜೆಲ್ ಹಚ್ಚುತ್ತಾರೆ. ನಡುವೆ ಗಾಳಿಯಿದ್ದರೆ ಧ್ವನಿಯು ಒಳಗೆ ಹೋಗದೆ ಹಿಂದಿರುಗುವುದೇ ಇದಕ್ಕೆ ಕಾರಣ. ಅನಂತರ ಕೈಯಲ್ಲಿ ಹಿಡಿಯುವ ಶೋಧಕವನ್ನು ಚರ್ಮದ ಮೇಲಿಡುತ್ತಾರೆ. ಧ್ವನಿಯು ದೇಹದ ಮೆದುಭಾಗಗಳಲ್ಲಿ ಸೆಕೆಂಡಿಗೆ ಸುಮಾರು ೧,೫೪೦ ಮೀಟರ್ ವೇಗದಿಂದ ಸಾಗುತ್ತದೆ. ಮೂರು ಸೆಂಟಿಮೀಟರ್ ಆಳದ ನಾಳವನ್ನು ಮುಟ್ಟಿ ಪ್ರತಿಧ್ವನಿಯು ಮರಳಲು ಸೆಕೆಂಡನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು ಸಾಕು! ಈ ಕಾಲವನ್ನು ಅಳೆದು ಯಂತ್ರವು ನಾಳದ ಚಿತ್ರವನ್ನು ರಚಿಸುತ್ತದೆ. ಚಲಿಸುವ ರಕ್ತಕಣಗಳಿಂದ ಮರಳಿದ ಧ್ವನಿಯ ಶ್ರುತಿಭೇದದಿಂದ ರಕ್ತದ ವೇಗವನ್ನೂ ದಿಕ್ಕನ್ನೂ ಲೆಕ್ಕಹಾಕುತ್ತದೆ. ಈ ಭೇದವನ್ನು ನಾವು ಕಿವಿಯಿಂದಲೇ ಕೇಳಬಹುದು: ಅಪಧಮನಿಯದು ನಾಡಿಯ ಬಡಿತದೊಡನೆ ಏರಿಳಿಯುವ ಸದ್ದು, ಅಭಿಧಮನಿಯದು ಉಸಿರಾಟದೊಡನೆ ಏರಿಳಿಯುವ ಗಾಳಿಯಂತಹ ಸದ್ದು.

ಯಂತ್ರದ ತೆರೆಯ ಮೇಲೆ ಕೆಂಪು, ನೀಲಿ ಬಣ್ಣಗಳು ತೋರುತ್ತವೆ. ಕೆಂಪು ಶುದ್ಧರಕ್ತ, ನೀಲಿ ಅಶುದ್ಧರಕ್ತವೆಂದು ಭಾವಿಸುವುದು ತಪ್ಪು. ರೂಢಿಯಂತೆ ಶೋಧಕದೆಡೆಗೆ ಬರುವ ರಕ್ತಕ್ಕೆ ಕೆಂಪು, ಅದರಿಂದ ದೂರ ಸರಿಯುವ ರಕ್ತಕ್ಕೆ ನೀಲಿ, ಅಷ್ಟೆ.

ನಲ್ಲಿಗೆ ಸಿಕ್ಕಿಸಿದ ರಬ್ಬರ್ ಕೊಳವೆಯ ಬಾಯಿಯನ್ನು ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ರಭಸವಾಗಿ ಚಿಮ್ಮುವುದಷ್ಟೆ? ಅಪಧಮನಿಯೊಳಗೆ ಕೊಬ್ಬು ಕಟ್ಟಿ ದಾರಿಯು ಕಿರಿದಾದರೆ ಅಲ್ಲಿಯೂ ಹೀಗೆಯೇ. ಮೆದುಳಿಗೆ ರಕ್ತವನ್ನೊಯ್ಯುವ ಕತ್ತಿನ ನಾಳದಲ್ಲಿ ರಕ್ತದ ವೇಗವು ಸೆಕೆಂಡಿಗೆ ೧೨೫ ಸೆಂಟಿಮೀಟರನ್ನು ಮೀರಿದರೆ ದಾರಿಯು ಅರ್ಧದಷ್ಟಾದರೂ ಮುಚ್ಚಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಪಾರ್ಶ್ವವಾಯು ಬಡಿಯುವ ಮುನ್ನವೇ ಎಚ್ಚರಿಕೆ ದೊರೆಯುವುದು ಹೀಗೆ.

ಕಾಲಿನ ಅಭಿಧಮನಿಗಳಲ್ಲಿ ರಕ್ತವು ಮೇಲಕ್ಕೇರಬೇಕು. ಅದು ಕೆಳಕ್ಕೆ ಜಾರದಂತೆ ಒಳಗೆ ಕವಾಟಗಳಿವೆ. ಉಪಾಹಾರಗೃಹಗಳಲ್ಲಿಯೂ ಅಂಗಡಿಗಳಲ್ಲಿಯೂ ದಿನವಿಡೀ ನಿಂತು ದುಡಿಯುವ ನಮ್ಮ ಹಿರಿಯರಲ್ಲಿ ಕೆಲವರಿಗೆ ಈ ಕವಾಟಗಳು ಸಡಿಲಗೊಂಡು ನಾಳಗಳು ಉಬ್ಬಿ ಸುರುಳಿಗಟ್ಟುತ್ತವೆ. ರಕ್ತವು ಹಿಂದಕ್ಕೆ ಹರಿಯುವುದನ್ನು ಯಂತ್ರವು ಬಣ್ಣದಲ್ಲಿ ತೋರಿಸಿಕೊಡುತ್ತದೆ.

ಇದಕ್ಕಿಂತಲೂ ಭಯಂಕರವಾದುದು ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತವು ಹೆಪ್ಪುಗಟ್ಟುವುದು. ಶಸ್ತ್ರಚಿಕಿತ್ಸೆಯಾದವರಲ್ಲಿಯೂ, ಬಹುದಿನ ಹಾಸಿಗೆ ಹಿಡಿದವರಲ್ಲಿಯೂ ಇದರ ಭಯ ಹೆಚ್ಚು. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. ಇದನ್ನು ಕಂಡುಹಿಡಿಯುವ ಬಗೆ ಎಷ್ಟು ಸರಳ! ಶೋಧಕದಿಂದ ಮೆಲ್ಲನೆ ಒತ್ತಿದರೆ ಆರೋಗ್ಯವಂತ ಅಭಿಧಮನಿಯು ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಹೆಪ್ಪು ತುಂಬಿದ ನಾಳವು ಮುಚ್ಚಿಕೊಳ್ಳದು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಕ್ಷಕಿರಣಗಳ ಸೋಂಕೂ ಇಲ್ಲ.

ಹಾಗೆಂದು ಯಂತ್ರವು ಸರ್ವಜ್ಞವಲ್ಲ. ಎಲುಬು ಮತ್ತು ಗಾಳಿಯ ಹಿಂದಿರುವುದು ಅದಕ್ಕೆ ಕಾಣದು; ಶೋಧಕವನ್ನು ಓರೆಯಾಗಿ ಹಿಡಿಯುವ ಕೋನವು ತಪ್ಪಿದರೆ ವೇಗದ ಲೆಕ್ಕವೂ ತಪ್ಪುವುದು. ನುರಿತ ಕೈ ಬೇಕು.

ವಿದ್ಯಾರ್ಥಿಗಳೇ, ಕಾಲು ಊದಿದರೆ ಬಿಸಿ ಎಣ್ಣೆ ಹಚ್ಚಿ ನೀವುವುದು ನಮ್ಮ ಮನೆಗಳ ವಾಡಿಕೆ. ಅಜ್ಜಿಯ ಕಾಲು ನೀವುವ ಕೆಲಸ ಅನೇಕ ವೇಳೆ ನಿಮ್ಮ ಪಾಲಿಗೇ ಬರುತ್ತದೆ. ದಣಿದ ಕಾಲಿಗೆ ಅದು ಹಿತವೇ ಸರಿ. ಆದರೆ ಒಂದೇ ಕಾಲು ಹಠಾತ್ತನೆ ಊದಿ, ನೋವಿನಿಂದ ಬಿಸಿಯಾಗಿದ್ದರೆ ಅದನ್ನು ನೀವಬಾರದು. ಒಳಗೆ ಹೆಪ್ಪಿದ್ದರೆ ಅದು ಕಳಚುವ ಭಯವುಂಟು. ಅಂದೇ ವೈದ್ಯರಿಗೆ ತೋರಿಸಬೇಕು. ಊತದೊಡನೆ ಉಸಿರಾಟಕ್ಕೆ ಕಷ್ಟವಾದರೆ ಅಥವಾ ಎದೆನೋವು ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಶಾಲೆಯಲ್ಲಿ ಕಲಿತ ಈ ಒಂದು ಮಾತನ್ನು ಇಂದೇ ಮನೆಯಲ್ಲಿ ಹೇಳಿರಿ. ವಿದ್ಯೆಯು ಪುಸ್ತಕದಿಂದ ಮನೆಗೆ ಇಳಿದಾಗಲೇ ಸಾರ್ಥಕವಾಗುವುದೆಂದು ನಾವು ನಂಬಿದ್ದೇವೆ.