ಮುಕ್ಕಾಲು ಮಿಲಿಮೀಟರಿನ ಕಿಡಿ

ಪೆಟ್ರೋಲ್ ಎಂಜಿನ್ನಿಗೆ ಉಸಿರು ಗಾಳಿ, ಆಹಾರ ಪೆಟ್ರೋಲ್. ಆದರೆ ಇವೆರಡೂ ಬೆರೆತ ಮಿಶ್ರಣವನ್ನು ಪಿಸ್ಟನ್ ಎಷ್ಟು ಒತ್ತಿದರೂ ಅದು ತಾನಾಗಿ ಹೊತ್ತಿಕೊಳ್ಳಕೂಡದು. ಹೊತ್ತಿಸುವ ಕೆಲಸ ಸ್ಪಾರ್ಕ್ ಪ್ಲಗ್ಗಿನದು. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯೊಳಕ್ಕೆ ಡೀಸೆಲ್ ಚಿಮ್ಮಿದೊಡನೆ ಉರಿ ಹತ್ತುವುದರಿಂದ ಅಲ್ಲಿ ಕಿಡಿಯ ಅಗತ್ಯವೇ ಇಲ್ಲ. ಪೆಟ್ರೋಲಿಗೆ ಕಿಡಿ ಬೇಕು, ಅದೂ ತಕ್ಕ ಗಳಿಗೆಯಲ್ಲೇ ಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದ್ದರೆ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 50 ಸಲ ಮಿಶ್ರಣ ಹೊತ್ತಿಕೊಳ್ಳಬೇಕು.

ಪ್ಲಗ್ಗಿನ ತುದಿಯಲ್ಲಿ ಎರಡು ಎಲೆಕ್ಟ್ರೋಡುಗಳ ನಡುವಿನ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 1.1 ಮಿ.ಮೀ. ಇಷ್ಟು ಕಿರಿದಾದ ಜಾಗವನ್ನು ದಾಟುವುದೂ 12 ವೋಲ್ಟ್ ಬ್ಯಾಟರಿಗೆ ಆಗದ ಮಾತು. ತೆರೆದ ಗಾಳಿಯಲ್ಲಿ ಒಂದು ಮಿ.ಮೀ. ದಾಟಲು ಸುಮಾರು 3,000 ವೋಲ್ಟ್ ಬೇಕು. ಸಿಲಿಂಡರಿನಲ್ಲಿ ಗಾಳಿ ಒತ್ತಿ ದಟ್ಟವಾಗಿರುತ್ತದೆ, ಅಲ್ಲಿ ಇದರ ಹಲವು ಪಟ್ಟು ಬೇಕು. ಗ್ಯಾರೇಜಿನಲ್ಲಿ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆದು ನೋಡುವುದುಂಟು. ಹಾಗೆ ನೀಲಿ ಕಿಡಿ ಕಂಡ ಮಾತ್ರಕ್ಕೆ ಪ್ಲಗ್ ಸರಿಯಿದೆ ಎನ್ನಲಾಗದು. ಹೊರಗೆ ಚಟಚಟ ಹಾರುವ ಕಿಡಿ ಒಳಗಿನ ಒತ್ತಡದಲ್ಲಿ ಹುಟ್ಟದೇ ಹೋಗಬಹುದು.

12 ವೋಲ್ಟನ್ನು 20,000ದಾಚೆಗೆ ಏರಿಸುವುದು ಇಗ್ನಿಷನ್ ಕಾಯಿಲ್. ಒಂದೇ ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು: ಅದರ ರಚನೆ ಇಷ್ಟೇ. ದಪ್ಪ ತಂತಿಯಲ್ಲಿ ಬ್ಯಾಟರಿಯ ಕರೆಂಟ್ ಹರಿಯುತ್ತಿರುವಷ್ಟು ಹೊತ್ತು ಸುತ್ತಲೂ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಕರೆಂಟನ್ನು ಥಟ್ಟನೆ ಕಡಿದಾಗ ಆ ಕ್ಷೇತ್ರ ಕುಸಿದು, ತೆಳುತಂತಿಯಲ್ಲಿ ಭಾರಿ ವೋಲ್ಟೇಜ್ ಏಳುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು. ಕಡಿತ ಎಷ್ಟು ಚುರುಕೋ ಕಿಡಿ ಅಷ್ಟು ಬಲ. ಹೀಗಾಗಿ ಇಗ್ನಿಷನ್ನಿನ ನೂರು ವರ್ಷಗಳ ಚರಿತ್ರೆಯನ್ನು ಕರೆಂಟ್ ಕಡಿಯುವ ಉಪಾಯಗಳ ಚರಿತ್ರೆ ಎಂದೇ ಓದಬಹುದು.

ಜರ್ಮನಿಯ ಬಾಷ್ ಕಂಪನಿಯಲ್ಲಿ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ರೂಪಿಸಿದ ಹೈ ವೋಲ್ಟೇಜ್ ಮ್ಯಾಗ್ನೆಟೋ, ಬ್ಯಾಟರಿಯ ಹಂಗಿಲ್ಲದೆ ಪ್ಲಗ್ಗಿಗೆ ಕಿಡಿ ಒದಗಿಸಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರುಗಳಿಗೆ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ವ್ಯವಸ್ಥೆ ತಂದರು. ಎಂಜಿನ್ನಿನ ಜೊತೆ ತಿರುಗುವ ಕ್ಯಾಮ್ ಪಾಯಿಂಟುಗಳನ್ನು ಬೇರ್ಪಡಿಸಿದಾಗಲೆಲ್ಲ ಕಿಡಿ. ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಅವು ಸುಡದಂತೆ ತಡೆಯಲು ಪಕ್ಕದಲ್ಲೊಂದು ಕಂಡೆನ್ಸರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರಿಗೆ ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜಿ, ಫೀಲರ್ ಗೇಜ್ ಇಟ್ಟು ಹೊಂದಿಸುವ ಕೆಲಸ ಹೊಸದಲ್ಲ. ಮುಂದೆ ಬಂದ ಸಿಡಿಐ (ಕೆಪ್ಯಾಸಿಟರ್ ಡಿಸ್ಚಾರ್ಜ್ ಇಗ್ನಿಷನ್), ಕಡಿತವನ್ನು ಬಿಟ್ಟು ಬೇರೆ ದಾರಿ ಹಿಡಿಯಿತು: ಕೆಪ್ಯಾಸಿಟರಿನಲ್ಲಿ ಕೂಡಿಟ್ಟ ನೂರಾರು ವೋಲ್ಟನ್ನು ಒಮ್ಮೆಗೇ ಕಾಯಿಲಿಗೆ ಸುರಿಯುವುದು ಅದರ ಕ್ರಮ. ಈಗಿನ ಕಾರುಗಳಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯುವಿನ ಅಪ್ಪಣೆಯಂತೆ ಟ್ರಾನ್ಸಿಸ್ಟರ್ ಕರೆಂಟ್ ಕಡಿಯುತ್ತದೆ. ಬಹುಪಾಲು ಮಾದರಿಗಳಲ್ಲಿ ಒಂದೊಂದು ಪ್ಲಗ್ಗಿನ ನೆತ್ತಿಯ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ.

ಕಿಡಿಯ ಬಲದಷ್ಟೇ ಮುಖ್ಯ ಅದರ ಟೈಮಿಂಗ್. ಮಿಶ್ರಣ ಪೂರ್ತಿ ಉರಿಯಲು ಒಂದೆರಡು ಮಿಲಿಸೆಕೆಂಡ್ ಹಿಡಿಯುತ್ತದೆ. 3,000 ಸುತ್ತಿನ ವೇಗದಲ್ಲಿ 2 ಮಿಲಿಸೆಕೆಂಡ್ ಎಂದರೆ ಕ್ರ್ಯಾಂಕ್ 36 ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ಪಿಸ್ಟನ್ ತುತ್ತತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಂತೆ ಇನ್ನಷ್ಟು ಮೊದಲು. ಅತಿ ಬೇಗ ಹಾರಿದರೆ ಎಂಜಿನ್ ಕಟಕಟ ಸದ್ದು ಮಾಡುತ್ತ ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ. ತಡವಾದರೆ ಪಿಕಪ್ ಸತ್ತು ಸೈಲೆನ್ಸರ್ ಕಾಯುತ್ತದೆ.

ಕಾಯಿಲ್ ಎಬ್ಬಿಸಿದ ಭಾರಿ ವೋಲ್ಟೇಜನ್ನು ಸೋರದಂತೆ ಕೊನೆಯ ತುದಿಯವರೆಗೆ ಒಯ್ಯುವುದು ಪ್ಲಗ್ಗಿನ ಬಿಳಿ ಪಿಂಗಾಣಿ. ಅಲ್ಯೂಮಿನಾದಿಂದ ಮಾಡಿದ ಇದು ವಿದ್ಯುತ್ತನ್ನು ತಡೆಯುತ್ತದೆ, ಶಾಖವನ್ನು ಲೋಹದ ಮೈಗೆ ದಾಟಿಸುತ್ತದೆ. ಪ್ಲಗ್ಗಿನ ಮೂತಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ. 850 ಡಿಗ್ರಿ ಮೀರಿ ಕಾದರೆ ಕೆಂಡದಂತಾಗಿ ಕಿಡಿಗೆ ಮೊದಲೇ ಮಿಶ್ರಣವನ್ನು ಹೊತ್ತಿಸಿಬಿಡುತ್ತದೆ. ಶಾಖವನ್ನು ಬೇಗ ಬಿಟ್ಟುಕೊಡುವ ‘ಕೋಲ್ಡ್’ ಪ್ಲಗ್, ಹಿಡಿದಿಡುವ ‘ಹಾಟ್’ ಪ್ಲಗ್ ಎಂಬ ಬಗೆಗಳಿರುವುದು ಇದಕ್ಕೇ. ಥ್ರೆಡ್ ಹೊಂದಿತೆಂದು ಯಾವುದೋ ಪ್ಲಗ್ ತಿರುಗಿಸಿ ಕೂರಿಸುವುದು ಎಂಜಿನ್ನಿಗೆ ಮಾಡುವ ದ್ರೋಹ. ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ ತಯಾರಿಸಿದ, 1951ರಲ್ಲಿ ಸ್ಥಾಪನೆಯಾದ ‘ಮೈಕೋ’ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರು ಉಳಿದಿದೆ.

ಬಿಚ್ಚಿದ ಪ್ಲಗ್ಗಿನ ಬಣ್ಣವೇ ಎಂಜಿನ್ನಿನ ಆರೋಗ್ಯ ಹೇಳುತ್ತದೆ. ತಿಳಿಕಂದು ಇದ್ದರೆ ಎಲ್ಲ ಸರಿ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಆಯಿಲ್ ಜಿಡ್ಡು ಕಂಡರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುವ ಅನುಮಾನ. ಸುಣ್ಣದಂತೆ ಬಿಳಿಚಿದ್ದರೆ ವಿಪರೀತ ಶಾಖ. ಬಣ್ಣ ಸರಿಯಿದ್ದರೂ ಪ್ರತಿ ಕಿಡಿಗೂ ಲೋಹ ಚೂರುಚೂರೇ ಸವೆದು ಗ್ಯಾಪ್ ಹಿಗ್ಗುತ್ತದೆ, ಕಾಯಿಲಿನ ಹೊರೆ ಏರುತ್ತದೆ, ಗಾಡಿ ಮಿಸ್ಸಿಂಗ್ ಶುರುಮಾಡುತ್ತದೆ. ಆಗ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೂ ಸುಡುತ್ತದೆ. ನಿಕ್ಕಲ್ ತುದಿಯ ಪ್ಲಗ್ಗನ್ನು ಗೇಜ್ ಹಿಡಿದು ಹೊಂದಿಸಬಹುದು. 2,400 ಡಿಗ್ರಿಗೂ ಮೇಲೆ ಕರಗುವ ಇರಿಡಿಯಂ ತುದಿ ಬಹುಕಾಲ ಬಾಳುತ್ತದಾದರೂ ಸೂಜಿಯಷ್ಟು ತೆಳು. ಅದನ್ನು ಉಜ್ಜಬಾರದು, ಸವೆದ ಮೇಲೆ ಬದಲಿಸಬೇಕು.