ಕೆಸರಿನೊಳಗಣ ನೀರು

ನಗರದ ಕೊಳಚೆನೀರನ್ನು ಶುದ್ಧಿಗೊಳಿಸಿದ ಮೇಲೆ ಉಳಿಯುವ ಕೆಸರು ಎಲ್ಲಿಗೆ ಹೋಗುವುದೆಂದು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಲಂಡನ್ ನಗರವು 1887ರಿಂದ ಅದನ್ನು ಹಡಗುಗಳಲ್ಲಿ ತುಂಬಿ ಥೇಮ್ಸ್ ನದೀಮುಖದಾಚೆ ಸಮುದ್ರಕ್ಕೆ ಸುರಿಯುತ್ತಿದ್ದಿತು. 1998ರ ಕೊನೆಗೆ ಆ ಪದ್ಧತಿ ನಿಂತಿತು. ಬೆಕ್ಟನ್ ಮತ್ತು ಕ್ರಾಸ್ನೆಸ್ ಎಂಬಲ್ಲಿ ಕೆಸರನ್ನು ಸುಡುವ ಕುಲುಮೆಗಳು ಏರ್ಪಟ್ಟವು. ಆದರೆ ನೀರು ಉರಿಯುವುದುಂಟೆ? ಕೆಸರನ್ನು ಮೊದಲು ಹಿಂಡಬೇಕು.

ಇಲ್ಲಿ ಗಣಿತದ ಒಂದು ವಿನೋದವಿದೆ. ನೂರು ಮಣ ಕೆಸರಿನಲ್ಲಿ 97 ಮಣ ನೀರು, 3 ಮಣ ಘನಪದಾರ್ಥ ಎಂದಿಟ್ಟುಕೊಳ್ಳೋಣ. ನೀರಿನ ಪಾಲು ಶೇಕಡ 97ರಿಂದ 94ಕ್ಕೆ ಇಳಿದರೆ ಲಾಭ ಅಲ್ಪವೆಂದು ತೋರುತ್ತದೆ. ವಾಸ್ತವವಾಗಿ 50 ಮಣ ನೀರು ಹೋಗಿ ಹೊರೆಯು ಅರ್ಧವಾಗಿರುತ್ತದೆ. ಶೇಕಡ 70ಕ್ಕೆ ಇಳಿದರೆ ಉಳಿಯುವುದು 10 ಮಣ ಮಾತ್ರ.

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗಹಾಕಿದಂತೆ ಇದನ್ನು ಬಸಿಯಲಾಗದು. ಲೋಳೆಯಾದ ಸೂಕ್ಷ್ಮಕಣಗಳು ಬಟ್ಟೆಯ ರಂಧ್ರಗಳನ್ನೇ ಮುಚ್ಚಿಬಿಡುತ್ತವೆ. ಆದಕಾರಣ ಪಾಲಿಮರ್ ಎಂಬ ದ್ರವ್ಯವನ್ನು ಬೆರೆಸಿ ಕಣಗಳನ್ನು ಗಂಟುಕಟ್ಟಿಸಿ, ಬಳಿಕ ಫಲಕಗಳ ನಡುವೆ ಒತ್ತುವರು, ಇಲ್ಲವೆ ಅತಿವೇಗದಿಂದ ತಿರುಗುವ ಉರುಳೆಯಲ್ಲಿ ಬೇರ್ಪಡಿಸುವರು. ಹಳೆಯ ಯಂತ್ರವನ್ನು ಬದಲಾಯಿಸುವಾಗ ಹೊಸದರ ಬೆಲೆಯ ಚರ್ಚೆಯೇ ಹೆಚ್ಚು. ಬೆರಕೆಯ ಹದ ತಪ್ಪಿದರೆ ಎಷ್ಟು ಉತ್ತಮ ಯಂತ್ರವೂ ರಾಡಿಯನ್ನೇ ಹೊರಗೆಡಹುತ್ತದೆ. ಹಿಂಡಿ ಬಂದ ನೀರೂ ಶುದ್ಧವಲ್ಲ; ಅದನ್ನು ಪುನಃ ಶುದ್ಧೀಕರಣದ ಮೊದಲ ತೊಟ್ಟಿಗೇ ಕಳುಹಿಸಬೇಕು.