ತಲೆಗೆ ಪೆಟ್ಟಾದ ಮೇಲೆ ಬೆಳಕೇ ಬೇಡವೆನಿಸಿದರೆ
ಬಣ್ಣದ ಕನ್ನಡಕದಿಂದ ಏನು ಪ್ರಯೋಜನ? ಕಪ್ಪು ಕನ್ನಡಕದಿಂದ ಏನು ತೊಂದರೆ?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, "ಒಳಗೆ ರಕ್ತಸ್ರಾವ ಇಲ್ಲ, ಮನೆಗೆ ಹೋಗಬಹುದು" ಎಂದಿದ್ದಾರೆ. ಹೊಲಿಗೆ ಬಿಚ್ಚಿಯೂ ಆಗಿದೆ. ಆದರೆ ಬಾಗಿಲು ತೆರೆದರೆ ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಟ್ಯೂಬ್‌ಲೈಟ್ ಹಾಕಿದರೆ ತಲೆ ಸಿಡಿಯುತ್ತದೆ. ಮೊಬೈಲನ್ನು ಎರಡು ನಿಮಿಷ ನೋಡಿದರೆ ವಾಕರಿಕೆ ಬರುತ್ತದೆ. ಮನೆಯವರು ಮಾತ್ರ "ಸ್ಕ್ಯಾನ್ ಸರಿಯಾಗಿದೆಯಲ್ಲ, ಇನ್ನೇನು?" ಎನ್ನುತ್ತಾರೆ.

ಇಂಥ ದೂರು ಹೊತ್ತು ದವಾಖಾನೆಗೆ ಬರುವವರು ಕಡಿಮೆಯೇನಲ್ಲ. ಕೆಲಸಕ್ಕೆ ಹೋಗಲಾಗದ ಯುವಕರು, ಪುಸ್ತಕ ಹಿಡಿಯಲಾಗದ ವಿದ್ಯಾರ್ಥಿಗಳು, ಅಡುಗೆಮನೆಯ ದೀಪದ ಕೆಳಗೆ ನಿಲ್ಲಲಾಗದ ಗೃಹಿಣಿಯರು ಇವರಲ್ಲಿದ್ದಾರೆ. ನೋವಿಗಿಂತ ಹೆಚ್ಚಾಗಿ ಅವರನ್ನು ಕುಗ್ಗಿಸುವುದು "ನಾಟಕ ಮಾಡುತ್ತಿದ್ದಾನೆ", "ಕೆಲಸ ತಪ್ಪಿಸಲು ನೆಪ" ಎಂಬ ಮಾತುಗಳು. ಇದು ನಾಟಕವಲ್ಲ. ವೈದ್ಯಶಾಸ್ತ್ರ ಇದನ್ನು ಫೋಟೋಫೋಬಿಯಾ ಎನ್ನುತ್ತದೆ. ಪದದಲ್ಲಿ 'ಭಯ' ಎಂಬ ಅರ್ಥವಿದ್ದರೂ ಇದು ಮನಸ್ಸಿನ ಭಯವಲ್ಲ, ಬೆಳಕನ್ನು ಸಹಿಸಲಾಗದ ಸ್ಥಿತಿ. ಮೆದುಳಿಗೆ ಅಲುಗಾಟದ ಪೆಟ್ಟು, ಅಂದರೆ ಕನ್ಕಷನ್ ಆದವರಲ್ಲಿ ಇದು ಸಾಮಾನ್ಯ.

ಸ್ಕ್ಯಾನಿನಲ್ಲಿ ಯಾಕೆ ಕಾಣುವುದಿಲ್ಲ?

ಸಿ.ಟಿ. ಸ್ಕ್ಯಾನ್ ಮುಖ್ಯವಾಗಿ ಮೂಳೆ ಮುರಿತವನ್ನೂ ರಕ್ತಸ್ರಾವವನ್ನೂ ತೋರಿಸುತ್ತದೆ. ನರಕೋಶಗಳು ಹೇಗೆ ಕೆಲಸ ಮಾಡುತ್ತಿವೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಸ್ಕ್ಯಾನ್ ಸರಿಯಾಗಿದ್ದರೆ ಜೀವಕ್ಕೆ ತಕ್ಷಣದ ಅಪಾಯ ಕಾಣುತ್ತಿಲ್ಲ ಎಂದರ್ಥವೇ ಹೊರತು ತೊಂದರೆಯೇ ಇಲ್ಲ ಎಂದಲ್ಲ.

ತೀವ್ರವಾದ ಬೆಳಕು ಕಣ್ಣನ್ನು ನೋಯಿಸುತ್ತದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಇಬ್ನುಲ್ ಹೈಸಮ್ ತಮ್ಮ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ಗುರುತಿಸಿದ್ದರು. ಬೆಳಕು ಕಣ್ಣಿನ ಮೇಲೆ ಪರಿಣಾಮ ಬೀರುತ್ತದೆ ಎನ್ನುವುದಕ್ಕೆ ಅವರು ಆ ನೋವನ್ನೇ ಆಧಾರವಾಗಿ ತೋರಿಸಿದರು. ಆ ನೋವಿನ ದಾರಿ ಯಾವುದು ಎಂಬುದು ಸ್ಪಷ್ಟವಾಗಿದ್ದು ಮಾತ್ರ ಈಚೆಗೆ. ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ ನೋಡಲು ನೆರವಾಗುವ ಕೋಶಗಳಲ್ಲದೆ ಬೆಳಕಿನ ಪ್ರಮಾಣವನ್ನು ಅಳೆಯುವ ಬೇರೆ ಕೋಶಗಳೂ ಇವೆ. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ವಸ್ತುವಿದೆ. ಸುಮಾರು 480 ನ್ಯಾನೋಮೀಟರ್ ಅಲೆಯುದ್ದದ ನೀಲಿ ಬೆಳಕಿಗೆ ಅದು ಅತಿ ಹೆಚ್ಚು ಸ್ಪಂದಿಸುತ್ತದೆ. ಹಗಲು ಯಾವುದು, ರಾತ್ರಿ ಯಾವುದು ಎಂದು ದೇಹಕ್ಕೆ ತಿಳಿಸುವ ಕೋಶಗಳೂ ಇವೇ.

ಈ ಕೋಶಗಳ ಸಂದೇಶ ಮೆದುಳಿನ ಥಲಾಮಸ್ ಎಂಬ ಭಾಗಕ್ಕೂ ತಲುಪುತ್ತದೆ. ಮೆದುಳಿನ ಹೊದಿಕೆಯಿಂದ ಬರುವ ನೋವಿನ ಸಂದೇಶವೂ ಅಲ್ಲಿಯ ಅದೇ ನರಕೋಶಗಳಿಗೆ ಬಂದು ಸೇರುತ್ತದೆ. ಹಾರ್ವರ್ಡ್ ವೈದ್ಯಕೀಯ ಶಾಲೆಯ ರಾಮಿ ಬರ್ಸ್ಟೀನ್ ಮತ್ತು ಸಂಗಡಿಗರು 2010ರಲ್ಲಿ ಇದನ್ನು ವಿವರಿಸಿದರು. ದೃಷ್ಟಿ ಕಳೆದುಕೊಂಡಿದ್ದರೂ ಬೆಳಕನ್ನು ಗ್ರಹಿಸಬಲ್ಲ ಮೈಗ್ರೇನ್ ರೋಗಿಗಳಿಗೆ ಬೆಳಕಿನಿಂದ ತಲೆನೋವು ಹೆಚ್ಚಾಗುವುದನ್ನು ಅವರು ಕಂಡಿದ್ದರು. ತಲೆಗೆ ಪೆಟ್ಟಾದಾಗ ಈ ನೋವಿನ ದಾರಿ ಕೆರಳಿರುತ್ತದೆ. ಆಗ ಸಾಧಾರಣ ಬೆಳಕೂ ನೋವಾಗಿಬಿಡುತ್ತದೆ.

ಕಪ್ಪು ಕನ್ನಡಕದ ಬಲೆ

ಬೆಳಕು ನೋಯಿಸಿದರೆ ಹೆಚ್ಚಿನವರು ಮೊದಲು ಮಾಡುವುದು ಕಪ್ಪು ಕನ್ನಡಕ ಹಾಕಿಕೊಂಡು, ಪರದೆ ಎಳೆದು, ಕತ್ತಲ ಕೋಣೆಯಲ್ಲಿ ಮಲಗುವುದು. ಮೊದಲ ಒಂದೆರಡು ದಿನ ಬೆಳಕು ಕಡಿಮೆ ಮಾಡಿಕೊಳ್ಳುವುದು ತಪ್ಪಲ್ಲ. ಆದರೆ ಇದೇ ಅಭ್ಯಾಸವಾದರೆ ಕಣ್ಣು ಕತ್ತಲಿಗೆ ಒಗ್ಗಿಕೊಳ್ಳುತ್ತದೆ. ಸಿನಿಮಾ ಮಂದಿರದಿಂದ ಮಧ್ಯಾಹ್ನ ಹೊರಬಂದಾಗ ಕಣ್ಣು ಕುಕ್ಕುವುದಿಲ್ಲವೇ? ಮನೆಯೊಳಗೆ ಇಡೀ ದಿನ ಕಪ್ಪು ಕನ್ನಡಕ ಧರಿಸಿದವರಿಗೆ ಪ್ರತಿ ದೀಪವೂ ಹಾಗೆಯೇ ಅನಿಸತೊಡಗುತ್ತದೆ. ಇದರಿಂದ ಬೆಳಕಿನ ಅಸಹನೆ ಇನ್ನೂ ಹೆಚ್ಚುತ್ತದೆ. ಕಪ್ಪು ಕನ್ನಡಕ ಬಿಸಿಲಿಗೆ ಇರಲಿ, ಮನೆಯೊಳಗೆ ಬೇಡ.

ಬಣ್ಣದ ಗಾಜು ಏನು ಮಾಡುತ್ತದೆ?

ಕಪ್ಪು ಗಾಜು ಎಲ್ಲ ಬೆಳಕನ್ನೂ ತಡೆಯುತ್ತದೆ. ಬಣ್ಣದ ಗಾಜು ನೋಯಿಸುವ ಭಾಗವನ್ನು ಹೆಚ್ಚಾಗಿ ಸೋಸಿ ಉಳಿದುದನ್ನು ಒಳಗೆ ಬಿಡುತ್ತದೆ. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಎಫ್.ಎಲ್.-41 ಎಂಬ ಗುಲಾಬಿ ಛಾಯೆ. 480 ನ್ಯಾನೋಮೀಟರ್ ಸುತ್ತಲಿನ ನೀಲಿ-ಹಸಿರು ಬೆಳಕನ್ನು ಅದು ಕಡಿಮೆ ಮಾಡುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೈಗ್ರೇನ್ ಇದ್ದ ಮಕ್ಕಳಿಗೆ ಈ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳಲ್ಲಿ ತಲೆನೋವು ತಿಂಗಳಿಗೆ ಸರಾಸರಿ 6.2 ಸಲದಿಂದ 1.6 ಸಲಕ್ಕೆ ಇಳಿದಿತ್ತು.

ಅದು ಮೈಗ್ರೇನಿನ ಮಾತು. ತಲೆಗೆ ಪೆಟ್ಟಾದವರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 51 ಜನರ ಪೈಕಿ 39 ಮಂದಿಗೆ ಬೆಳಕಿನ ತೊಂದರೆಯಿತ್ತು. ಬೇರೆ ಬೇರೆ ಬಣ್ಣದ ಕನ್ನಡಕ ಹಾಕಿಸಿ ನೋಡಿದಾಗ ಅವರಲ್ಲಿ ಶೇ. 85 ಮಂದಿ ಒಂದಲ್ಲ ಒಂದು ಬಣ್ಣದಿಂದ ಹಾಯೆನಿಸಿತು ಎಂದರು. ನೀಲಿ, ಹಸಿರು, ಕೆಂಪು ಮತ್ತು ನೇರಳೆ ಬಣ್ಣಗಳು ಹೆಚ್ಚು ಜನರಿಗೆ ಹಿಡಿಸಿದವು. ಇದು ಸಣ್ಣ ಅಧ್ಯಯನ. ಆದರೂ ಇದರಿಂದ ಒಂದು ಪಾಠವಿದೆ: ಎಲ್ಲರಿಗೂ ಒಂದೇ ಬಣ್ಣ ಒಗ್ಗುವುದಿಲ್ಲ. ನೆರೆಮನೆಯವರಿಗೆ ಗುಲಾಬಿ ಹಿಡಿಸಿತೆಂದು ನಿಮಗೂ ಅದೇ ಹಿಡಿಸಬೇಕಿಲ್ಲ.

ಇನ್ನೊಂದು ಮಾತು ನೆನಪಿರಲಿ. ಬಣ್ಣದ ಕನ್ನಡಕ ಮೆದುಳಿನ ಪೆಟ್ಟನ್ನು ಗುಣಪಡಿಸುವುದಿಲ್ಲ. ಕಾಲು ಉಳುಕಿದವನಿಗೆ ಊರುಗೋಲು ಇದ್ದಂತೆ ಅದು. ನಡೆಯಲು ನೆರವಾಗುತ್ತದೆ, ಗುಣವಾಗಲು ದೇಹಕ್ಕೆ ಸಮಯ ಬೇಕು.

ಕೊಳ್ಳುವ ಮೊದಲು

• ಮೊದಲು ನೇತ್ರತಜ್ಞರಲ್ಲಿ ಪರೀಕ್ಷೆ ಮಾಡಿಸಿ. ಪೆಟ್ಟಾದ ಮೇಲೆ ಎರಡು ಕಣ್ಣುಗಳು ಜೊತೆಯಾಗಿ ಕೆಲಸ ಮಾಡದಿರುವುದು, ಹತ್ತಿರದ್ದನ್ನು ನೋಡಲು ಕಷ್ಟವಾಗುವುದು, ಕಣ್ಣು ಒಣಗುವುದು ಇವೆಲ್ಲ ಇರಬಹುದು. ಅವುಗಳಿಗೆ ಬೇರೆಯೇ ಚಿಕಿತ್ಸೆ ಇದೆ.
• ಕನ್ನಡಕದಂಗಡಿಯಲ್ಲಿ ಬೇರೆ ಬೇರೆ ಬಣ್ಣದ ಮಾದರಿ ಗಾಜುಗಳಿದ್ದರೆ ಹಾಕಿ ನೋಡಿ. ಟ್ಯೂಬ್‌ಲೈಟಿನ ಕೆಳಗೂ ಬಿಸಿಲಿನಲ್ಲೂ ಕೆಲವು ನಿಮಿಷ ಧರಿಸಿ ನಂತರ ನಿರ್ಧರಿಸಿ.
• ಎಫ್.ಎಲ್.-41 ಬೇಕಿದ್ದರೆ ಹೆಸರು ಹೇಳಿಯೇ ಕೇಳಿ. ನೋಡಲು ಗುಲಾಬಿಯಾಗಿರುವ ಗಾಜೆಲ್ಲ ಅದಲ್ಲ.
• ಮನೆಯೊಳಗೆ ಹಾಕುವ ಗಾಜು ತೆಳು ಬಣ್ಣದ್ದಿರಲಿ. ಹೊರಗೆ ಗಾಢ ಬಣ್ಣದ್ದು, ಅಂಚಿನ ಟೋಪಿ ಅಥವಾ ಕೊಡೆ ಸಾಕು.
• ಬಣ್ಣದ ಕನ್ನಡಕ ಹಾಕಿಕೊಂಡು ರಾತ್ರಿ ವಾಹನ ಓಡಿಸಬೇಡಿ. ಹಗಲಲ್ಲೂ ಸಿಗ್ನಲ್ ದೀಪಗಳ ಬಣ್ಣ ಸರಿಯಾಗಿ ಕಾಣುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.
• ತೊಂದರೆ ಇಳಿದಂತೆ ಧರಿಸುವ ಸಮಯವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ.

ಮನೆಯಲ್ಲೇ ಮಾಡಬಹುದಾದದ್ದು

ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಬರಿಗಣ್ಣಿಗೆ ಅದು ತಿಳಿಯದಿದ್ದರೂ ಕೆರಳಿದ ಮೆದುಳಿಗೆ ತೊಂದರೆಯಾಗಬಹುದು. ಅಗ್ಗದ ಕೆಲವು ಎಲ್.ಇ.ಡಿ. ಬಲ್ಬುಗಳೂ ಹೀಗೆಯೇ. ರೋಗಿ ಹೆಚ್ಚು ಹೊತ್ತು ಇರುವ ಕೋಣೆಗೆ ಒಳ್ಳೆಯ ಗುಣಮಟ್ಟದ, ಹಳದಿ ಛಾಯೆಯ ಬಲ್ಬ್ ಹಾಕಿ. ದೀಪ ಕಣ್ಣಿಗೆ ನೇರವಾಗಿ ಬೀಳದಂತೆ ಮರೆ ಮಾಡಿ. ಮೊಬೈಲಿನ ಬೆಳಕು ತಗ್ಗಿಸಿ. ಪೆಟ್ಟಾದ ಮೊದಲ ಎರಡು ದಿನ ಮೊಬೈಲ್, ಟಿ.ವಿ. ಆದಷ್ಟು ಕಡಿಮೆ ಇರಲಿ. ಮಸೀದಿಯಲ್ಲಿ ದೀಪದ ನೇರ ಕೆಳಗಿನ ಜಾಗ ಬಿಟ್ಟು ಬದಿಯಲ್ಲಿ ನಿಲ್ಲಬಹುದು. ಸುಜೂದ್‌ಗೆ ಬಾಗಿದಾಗ ತಲೆ ಸುತ್ತಿ ಬೀಳುವಂತಾದರೆ ಕುಳಿತು ನಮಾಝ್ ಮಾಡಲು ಅಸ್ವಸ್ಥರಿಗೆ ರಿಯಾಯಿತಿ ಇದ್ದೇ ಇದೆ.

ಯುನಾನಿ ಪದ್ಧತಿಯ 'ಅಸ್ಬಾಬೆ ಸಿತ್ತಾ ಝರೂರಿಯಾ', ಅಂದರೆ ಆರೋಗ್ಯಕ್ಕೆ ಅಗತ್ಯವಾದ ಆರು ಅಂಶಗಳಲ್ಲಿ ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ ಮತ್ತು ನಿದ್ದೆ-ಎಚ್ಚರ ಸೇರಿವೆ. ಪೆಟ್ಟಾದವರಿಗೆ ಈ ಮೂರೂ ಮುಖ್ಯ. ಪೂರ್ತಿ ಮಲಗಿಬಿಡುವುದೂ ಬೇಡ, ಮೈಮುರಿದು ದುಡಿಯುವುದೂ ಬೇಡ. ಒಂದೆರಡು ದಿನದ ವಿಶ್ರಾಂತಿಯ ನಂತರ ತೊಂದರೆ ಹೆಚ್ಚಾಗದಷ್ಟು ಲಘು ನಡಿಗೆ, ಹೊತ್ತಿಗೆ ಸರಿಯಾದ ಊಟ, ಸಾಕಷ್ಟು ನೀರು ಮತ್ತು ರಾತ್ರಿಯ ನಿದ್ದೆ ಒಳ್ಳೆಯದು. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತೊಂದರೆ ಇಳಿಯುತ್ತದೆ. ಇಳಿಯದಿದ್ದರೆ ನರರೋಗ ತಜ್ಞರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿ ನರಪುನಶ್ಚೇತನ ವಿಭಾಗವೇ ಇದೆ.

ಕಣ್ಣು ತಂಪಾಗಲೆಂದು ಸುರ್ಮಾ ಹಚ್ಚುವವರಿದ್ದಾರೆ. ಬೆಳಕಿನ ಈ ಅಸಹನೆಗೆ ಅದು ಔಷಧವಲ್ಲ. ಮಾರುಕಟ್ಟೆಯ ಹಲವು ಸುರ್ಮಾಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಸೀಸ ಮೆದುಳಿಗೆ ವಿಷ, ಮಕ್ಕಳಿಗಂತೂ ಇನ್ನೂ ಹೆಚ್ಚು. ಜೇನು, ಗಿಡದ ರಸ ಇತ್ಯಾದಿಗಳನ್ನೂ ಕಣ್ಣಿಗೆ ಬಿಡಬೇಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ತಲೆಗೆ ಪೆಟ್ಟಾದವರಲ್ಲಿ ತಲೆನೋವು ಗಂಟೆಯಿಂದ ಗಂಟೆಗೆ ಹೆಚ್ಚುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು, ಫಿಟ್ಸ್, ಮಾತು ತೊದಲುವುದು, ಕೈಕಾಲು ಬಲಹೀನವಾಗುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಸೋರುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಕಿನ ಅಸಹನೆಯ ಜೊತೆ ಜ್ವರ ಮತ್ತು ಕುತ್ತಿಗೆ ಬಿಗಿತ ಇದ್ದರೆ ಮೆದುಳಿನ ಹೊದಿಕೆಯ ಸೋಂಕು ಇರಬಹುದು. ಕಣ್ಣು ಕೆಂಪಾಗಿ, ನೋಯುತ್ತಾ, ದೃಷ್ಟಿ ಮಸುಕಾದರೆ ಅದೇ ದಿನ ನೇತ್ರತಜ್ಞರಿಗೆ ತೋರಿಸಿ. ಇಂಥ ಸಂದರ್ಭದಲ್ಲಿ ಬಣ್ಣದ ಕನ್ನಡಕ ಹಾಕಿ ಕಾಯುವುದು ಅಪಾಯ.

ಮನೆಯವರಿಗೆ ಒಂದು ಮಾತು. ಕೈ ಮುರಿದಿದ್ದರೆ ಪ್ಲಾಸ್ಟರ್ ಕಾಣುತ್ತದೆ, ನೋಡಿದವರೆಲ್ಲ ಸ್ಟೂಲ್ ಎಳೆದು ಕೊಡುತ್ತಾರೆ. ಮೆದುಳಿನ ಪೆಟ್ಟಿಗೆ ಪ್ಲಾಸ್ಟರ್ ಇಲ್ಲ. ಹಾಗಾಗಿ ಅಣ್ಣನೋ ಸೊಸೆಯೋ ಮಗನೋ "ಆ ದೀಪ ಆರಿಸಿ" ಎಂದಾಗ ಯಾಕೆಂದು ಕೇಳದೆ ಆರಿಸಿ. ಮನೆಯೊಳಗೆ ಬಣ್ಣದ ಕನ್ನಡಕ ಹಾಕಿದರೆ ನಗಬೇಡಿ. ಅದಕ್ಕೆ ಹಣ ಖರ್ಚಾಗುವುದಿಲ್ಲ, ವೈದ್ಯರ ಚೀಟಿಯೂ ಬೇಡ. ಮತ್ತು ನಾಳೆ ಬೈಕ್ ಹತ್ತುವ ಮುನ್ನ, ಹಿಂದೆ ಕೂರುವವರ ತಲೆಯ ಮೇಲೂ ಹೆಲ್ಮೆಟ್ ಇದೆಯೇ, ಅದರ ಪಟ್ಟಿ ಬಿಗಿದಿದೆಯೇ ಎಂದು ನೋಡಿಕೊಳ್ಳಿ.